ಮೌಮಿ ನದಿಯ ಹತ್ತುಮೀನು: ಮೀನು ಬಂತು, ನೀರು ಬಂತೇ?

ಅಮೆರಿಕದ ಒಹಾಯೊ ರಾಜ್ಯದಲ್ಲಿ ಮೌಮಿ ಎಂಬ ನದಿಯಿದೆ. ಮಾರ್ಚ್ ಬಂತೆಂದರೆ ಅಲ್ಲಿ ಗಾಳ ಹಾಕುವವರು ದಿನಾ ಬೆಳಗ್ಗೆ ಮೂರು ಸಂಗತಿ ವಿಚಾರಿಸುತ್ತಾರೆ. ನೀರು ಎಷ್ಟು ಬೆಚ್ಚಗಾಗಿದೆ? ಎಷ್ಟು ಏರಿದೆ? ಎಷ್ಟು ಬಗ್ಗಡವಾಗಿದೆ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕ ದಿನ ನೂರಾರು ಜನ ಸೊಂಟದ ಮೇಲಕ್ಕೆ ಬರುವ ರಬ್ಬರ್ ಉಡುಪು ತೊಟ್ಟು ಸಾಲಾಗಿ ಹೊಳೆಗಿಳಿಯುತ್ತಾರೆ.

ಆ ಮೂರು ಪ್ರಶ್ನೆಗಳ ಹಿಂದೆ ಇನ್ನೂರು ವರ್ಷದ ಚರಿತ್ರೆ ಇದೆ. ಅದನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ. ಅಮೆರಿಕದ ಮೀನಿನ ಕಥೆ ನಮಗ್ಯಾಕೆ ಅನ್ನಬೇಡಿ. ಇದು ಅರ್ಧ ಮೀನಿನ ಕಥೆ, ಇನ್ನರ್ಧ ಹೊಲದ ಕಥೆ.

ನದಿ, ಸರೋವರ, ಮೀನು

ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಎಂಬ ಊರಲ್ಲಿ ಎರಡು ನದಿ ಕೂಡಿ ಮೌಮಿ ಹುಟ್ಟುತ್ತದೆ. ಸುಮಾರು 220 ಕಿಲೋಮೀಟರ್ ಹರಿದು, ಟೊಲೀಡೊ ನಗರದ ಬಳಿ ಈರಿ ಸರೋವರ ಸೇರುತ್ತದೆ. ಸರೋವರ ಅಂದರೆ ನಮ್ಮೂರಿನ ಕೆರೆಯಂತೆ ಅಲ್ಲ. ಅದರ ಹರವು ಸುಮಾರು 25,700 ಚದರ ಕಿಲೋಮೀಟರ್. ದಡದಲ್ಲಿ ನಿಂತರೆ ಸಮುದ್ರದ ಹಾಗೇ ಕಾಣುತ್ತದೆ, ಆದರೆ ನೀರು ಸಿಹಿ. ಉತ್ತರದ ದಡ ಕೆನಡಾ ದೇಶದ್ದು, ದಕ್ಷಿಣದ್ದು ಅಮೆರಿಕದ್ದು. ಅಲ್ಲಿನ ಐದು ಮಹಾ ಸರೋವರಗಳಲ್ಲಿ ಇದೇ ಅತಿ ಕಡಿಮೆ ಆಳದ್ದು. ಮೌಮಿ ಬಂದು ಸೇರುವ ಪಶ್ಚಿಮ ಭಾಗವಂತೂ ಸರಾಸರಿ 24 ಅಡಿ ಆಳ, ಅಷ್ಟೇ. ಆಳ ಕಡಿಮೆ ಇದ್ದರೆ ನೀರು ಬೇಗ ಬೆಚ್ಚಗಾಗುತ್ತದೆ, ಮೀನಿಗೆ ಮೇವು ಹೆಚ್ಚು. ಹೊಳೆ ತಂದು ಸುರಿದ ಕೊಳೆ ಕೂಡ ಅಲ್ಲಿ ಬೇಗ ಪರಿಣಾಮ ತೋರಿಸುತ್ತದೆ.

ಜನ ಕಾಯುವುದು ವಾಲ್‌ಐ ಎಂಬ ಮೀನಿಗೆ. ಅದರ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ. ದನದ ಕಣ್ಣು ಟಾರ್ಚಿಗೆ ಹೊಳೆಯುವ ಹಾಗೆ ಈ ಮೀನಿನ ಕಣ್ಣೂ ಹೊಳೆಯುತ್ತದೆ. ಮಂದ ಬೆಳಕಲ್ಲೂ ಬೇಟೆಯಾಡುತ್ತದೆ. ವರ್ಷವೆಲ್ಲ ಸರೋವರದಲ್ಲಿದ್ದು, ಹಿಮ ಕರಗುವ ಹೊತ್ತಿಗೆ ಮೊಟ್ಟೆ ಇಡಲು ಹೊಳೆ ಹತ್ತುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುತ್ತಾರಲ್ಲ, ಅದೇ ಬಗೆ. ಗಂಡು ಮೊದಲು ಬಂದು ಕಾಯುತ್ತದೆ. ಹೆಣ್ಣು ಬಂದು, ಮೊಟ್ಟೆ ಉದುರಿಸಿ, ಬೇಗ ಹಿಂದಿರುಗುತ್ತದೆ. ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಗೂಡಿಲ್ಲ, ಕಾವಲಿಲ್ಲ. ಹೊಳೆಯ ತಳದ ಬೆಣಚುಕಲ್ಲಿನ ಸಂದಿಗೆ ಮೊಟ್ಟೆ ಜಾರುತ್ತದೆ, ಉಳಿದದ್ದು ನೀರಿನ ದಯೆ.

ಈಗ ಆ ಮೂರು ಪ್ರಶ್ನೆ ಅರ್ಥವಾಗುತ್ತವೆ. ನೀರು ಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಆದಾಗ ಮೀನು ಜೋರಾಗಿ ಏರುತ್ತದೆ. ಒಂದು ಹದ ಮಳೆ ಬಂದು ಹೊಳೆ ಏರಿದರೆ ಮೀನಿಗೆ ದಾರಿ ಸಲೀಸು. ತೀರಾ ಏರಿದರೆ ಮನುಷ್ಯನಿಗೆ ಪ್ರಾಣಭಯ. ನೀರು ತೀರಾ ಬಗ್ಗಡವಾದರೆ ಗಾಳದ ತುದಿ ಮೀನಿಗೆ ಕಾಣುವುದಿಲ್ಲ, ತೆಳು ಮಣ್ಣು ಮೊಟ್ಟೆಯ ಮೇಲೆ ಕೂತು ಉಸಿರುಗಟ್ಟಿಸುತ್ತದೆ. ಗಾಳಿಯ ಲೆಕ್ಕವೂ ಇದೆ. ನೈಋತ್ಯದ ಬಿರುಗಾಳಿ ಬೀಸಿದರೆ ಸರೋವರದ ನೀರು ಪೂರ್ವಕ್ಕೆ ಸರಿದು ಟೊಲೀಡೊ ಬಳಿ ಮಟ್ಟ ಇಳಿಯುತ್ತದೆ. ಈಶಾನ್ಯದ ಗಾಳಿ ಬೀಸಿದರೆ ಏರುತ್ತದೆ.

ಸೀಸದ ಗುಂಡು, ನೈಲಾನ್ ದಾರ, ತೇಲುವ ಬಣ್ಣದ ಗಾಳ, ಇಷ್ಟೇ ಸಲಕರಣೆ. ಆದರೆ ನಿಯಮ ಬಿಗಿ. ಈ ಕಾಲದಲ್ಲಿ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಮಾತ್ರ ಹಿಡಿಯಬೇಕು. ಗಾಳ ಬಾಯೊಳಗೆ ಕಚ್ಚಿರಬೇಕು. ಬೆನ್ನಿಗೋ ಹೊಟ್ಟೆಗೋ ಸಿಕ್ಕಿಬಿದ್ದಿದ್ದರೆ ಮರಳಿ ನೀರಿಗೆ ಬಿಡಬೇಕು. ದಿನಕ್ಕೆ ಇಷ್ಟೇ ಮೀನು ಎಂಬ ಮಿತಿಯೂ ಇದೆ. ಈ ಬಿಗಿ ಯಾಕೆ ಬಂತು ಅನ್ನುವುದೇ ಚರಿತ್ರೆ.

ಜೌಗು ಹೋಯಿತು, ಹೊಲ ಬಂತು

ಮೌಮಿಯ ದಡ ಮೊದಲು ಒಡಾವಾ, ಮಯಾಮಿ ಮೊದಲಾದ ಮೂಲನಿವಾಸಿಗಳ ನೆಲ. ಹೊಳೆಯ ಕಲ್ಲುಹಾಸಿನ ಇಳಿಜಾರು ಅವರ ಮೀನಿನ ಜಾಗ, ದಂಡೆ ಅವರ ಮೆಕ್ಕೆಜೋಳದ ಹೊಲ. 1794ರ ಆಗಸ್ಟ್ 20ರಂದು ಇದೇ ನದಿಯ ಬಳಿ ಫಾಲನ್ ಟಿಂಬರ್ಸ್ ಎಂಬಲ್ಲಿ ಅಮೆರಿಕದ ಸೈನ್ಯದೆದುರು ಅವರು ಸೋತರು. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಒಹಾಯೊದ ಬಹುಭಾಗ ಕೈತಪ್ಪಿತು. 1830ರ ದಶಕದಲ್ಲಿ ಉಳಿದ ಒಡಾವಾ ಜನರಲ್ಲಿ ಹೆಚ್ಚಿನವರನ್ನು ದೂರದ ಕ್ಯಾನ್ಸಸ್‌ಗೆ ಸಾಗಹಾಕಲಾಯಿತು.

ಆಗ ನದಿಯ ದಕ್ಷಿಣಕ್ಕೆ ಹಬ್ಬಿದ್ದದ್ದು ‘ಮಹಾ ಕಪ್ಪು ಜೌಗು’. ಸುಮಾರು 190 ಕಿಲೋಮೀಟರ್ ಉದ್ದ, 65 ಕಿಲೋಮೀಟರ್ ಅಗಲ. ಹೆಮ್ಮರಗಳ ಕಾಡು, ಅದರಡಿ ನಿಂತ ನೀರು, ಸೊಳ್ಳೆ, ಮಲೇರಿಯಾ. ಅದರ ನಡುವೆ ಹಾದ ಒಂದು ರಸ್ತೆಯಲ್ಲಿ 31 ಮೈಲಿಗೆ 31 ವಸತಿಗೃಹಗಳಿದ್ದವಂತೆ. ಗಾಡಿ ಅಷ್ಟು ಹೂಳುತ್ತಿತ್ತು, ಒಂದು ದಿನಕ್ಕೆ ಒಂದು ಮೈಲಿ ಸಾಗಿದರೆ ಪುಣ್ಯ.

1859ರಲ್ಲಿ ಒಹಾಯೊ ಬಸಿಗಾಲುವೆ ತೋಡಲು ಕಾನೂನು ಮಾಡಿತು. ರೈತರು ರಸ್ತೆಯ ಪಕ್ಕ ಕಾಲುವೆ ತೋಡಿದರು, ಹೊಲದಡಿ ಸುಟ್ಟ ಮಣ್ಣಿನ ಕೊಳವೆ ಹೂತರು. ಕೊಳವೆ ಸುಡಲು ಊರೂರಿಗೆ ಕಾರ್ಖಾನೆ ಬಂತು. 1890ರ ದಶಕದಲ್ಲಿ ಅಲ್ಲಿಯವನೇ ಆದ ಜೇಮ್ಸ್ ಹಿಲ್ ಕಾಲುವೆ ತೋಡುವ ಉಗಿಯಂತ್ರ ಕಟ್ಟಿದ ಮೇಲೆ ಕೆಲಸ ಇನ್ನೂ ಚುರುಕಾಯಿತು. ಶತಮಾನ ಮುಗಿಯುವಷ್ಟರಲ್ಲಿ ಜೌಗು ಹೆಚ್ಚುಕಡಿಮೆ ಮಾಯ. ಅದರ ಜಾಗದಲ್ಲಿ ಎದ್ದದ್ದು ಅಮೆರಿಕದ ಅತಿ ಫಲವತ್ತಾದ ಹೊಲಗಳಲ್ಲೊಂದು. ಇಂದು ಅಲ್ಲಿ ಮೆಕ್ಕೆಜೋಳ, ಸೋಯಾ, ಗೋಧಿ.

ಆ ರೈತರ ಶ್ರಮವನ್ನು ನಾವು ಹಗುರಾಗಿ ಕಾಣುವುದಿಲ್ಲ. ರೋಗ ಹೋಯಿತು, ಅನ್ನ ಬಂತು. ಆದರೆ ಜೌಗು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಮಳೆನೀರನ್ನು ಹಿಡಿದಿಟ್ಟು, ಮಣ್ಣು ತಂಗಿಸಿ, ಸೋಸಿ ಹೊಳೆಗೆ ಬಿಡುತ್ತಿತ್ತು. ಈಗ ಆ ನೀರು ಕೊಳವೆ ಹಿಡಿದು ನೇರ ಹೊಳೆಗೆ ಓಡುತ್ತದೆ.

ಮೀನು ಹೋಯಿತು

ಇತ್ತ ಸರೋವರದಲ್ಲಿ ಬಲೆಯ ಕಾಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ಯಾಂಡಸ್ಕಿ ಪಟ್ಟಣ ಸಿಹಿನೀರಿನ ಮೀನಿಗೆ ಜಗತ್ತಿನ ದೊಡ್ಡ ಪೇಟೆಗಳಲ್ಲೊಂದಾಗಿತ್ತು. ಬಲೆ ಹರಿಯುತ್ತದೆಂದು ದೈತ್ಯ ಸ್ಟರ್ಜನ್ ಮೀನನ್ನು ಮೊದಮೊದಲು ದಡಕ್ಕೆಸೆದು ಸುಟ್ಟರು. ಅದರ ಮೊಟ್ಟೆಗೆ ಬೆಲೆ ಬಂದ ಮೇಲೆ ಹಿಡಿದು ಮುಗಿಸಿದರು. 1925ರಲ್ಲಿ ಹೆರಿಂಗ್ ಕುಸಿಯಿತು. ವಾಲ್‌ಐಗೆ ಹತ್ತಿರದ ಬಂಧುವಾದ ನೀಲಿ ಪೈಕ್ 1950ರ ದಶಕದ ಕೊನೆಗೆ ಇದ್ದಕ್ಕಿದ್ದಂತೆ ಕಾಣೆಯಾಯಿತು. 1983ರಲ್ಲಿ ಅಮೆರಿಕ ಸರ್ಕಾರ ಅದು ನಿರ್ವಂಶವಾಯಿತೆಂದು ಘೋಷಿಸಿತು. ವಾಲ್‌ಐ ಕೂಡ ಅದೇ ದಾರಿ ಹಿಡಿದಿತ್ತು.

ಬಲೆಯೊಂದೇ ಕಾರಣವಲ್ಲ. ನಗರಗಳ ಚರಂಡಿ, ಸೋಪಿನ ಪುಡಿಯ ರಂಜಕ, ಕಾರ್ಖಾನೆಯ ಹೊಲಸು ಎಲ್ಲ ಸರೋವರಕ್ಕೇ. ರಂಜಕ ಅಂದರೆ ನಮಗೆಲ್ಲ ಗೊತ್ತಿರುವ ಡಿಎಪಿ ಗೊಬ್ಬರದ ಪಿ. ಹೊಲದಲ್ಲಿ ಪೈರು ಬೆಳೆಸುವ ಅದು ನೀರಲ್ಲಿ ಪಾಚಿ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ತಳದ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. 1953ರಲ್ಲಿ ಗಾಳಿಯಿಲ್ಲದ ಬಿಸಿ ದಿನಗಳ ನಂತರ, ಪಶ್ಚಿಮ ಭಾಗದ ತಳದಲ್ಲಿದ್ದ ಮೇಫ್ಲೈ ಹುಳುಗಳು ರಾಶಿರಾಶಿ ಸತ್ತವು. ಅದು ಮೀನಿನ ಮುಖ್ಯ ಮೇವು. ಮತ್ತೆ ಆ ಹುಳು ಹಿಂಡಾಗಿ ಕಂಡದ್ದು ಸುಮಾರು ನಲವತ್ತು ವರ್ಷದ ಮೇಲೆ.

1969ರ ಜೂನ್ 22ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ಈರಿಗೆ ಸೇರುವ ಇನ್ನೊಂದು ನದಿ, ಕಾಯಹೋಗಾ, ಎಣ್ಣೆಯ ಪೊರೆಗೆ ಬೆಂಕಿ ತಗುಲಿ ಉರಿಯಿತು. 1970ರಲ್ಲಿ ಇನ್ನೊಂದು ಪೆಟ್ಟು. ಕೆನಡಾದಲ್ಲಿ ಓದುತ್ತಿದ್ದ ನಾರ್ವಲ್ಡ್ ಫಿಮ್‌ರೈಟ್ ಎಂಬ ಸಂಶೋಧನಾ ವಿದ್ಯಾರ್ಥಿ ಅಲ್ಲಿನ ಮೀನಿನಲ್ಲಿ ಪಾದರಸ ಪತ್ತೆಹಚ್ಚಿದ. ಕಾರ್ಖಾನೆಗಳು ಬಿಟ್ಟ ಪಾದರಸ ಅದು. ವಾಲ್‌ಐ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಪತ್ರಿಕೆಗಳು ಈರಿಯನ್ನು ಸತ್ತ ಸರೋವರ ಎಂದು ಬರೆದವು.

ಮೀನು ಬಂತು

ನಂತರ ನಡೆದದ್ದು ಪವಾಡವೇನಲ್ಲ, ಕಾನೂನು. 1972ರ ಏಪ್ರಿಲ್‌ನಲ್ಲಿ ಅಮೆರಿಕ, ಕೆನಡಾ ಎರಡೂ ದೇಶ ಮಹಾ ಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಅಮೆರಿಕದಲ್ಲಿ ಶುದ್ಧ ನೀರಿನ ಕಾಯ್ದೆ ಬಂತು. ನಗರಗಳು ಕೋಟಿಗಟ್ಟಲೆ ಡಾಲರ್ ಸುರಿದು ಚರಂಡಿ ನೀರು ಶುದ್ಧಿ ಮಾಡುವ ಘಟಕ ಕಟ್ಟಿದವು. ಸೋಪಿನ ಪುಡಿಯ ರಂಜಕಕ್ಕೆ ಮಿತಿ ಬಂತು. ಕಾರ್ಖಾನೆಗಳು ಪಾದರಸ ಬಿಡುವುದು ನಿಂತಿತು.

ಒಹಾಯೊ ಕಡೆ ವಾಲ್‌ಐಗೆ ವ್ಯಾಪಾರದ ಬಲೆ ಹಾಕುವುದು ನಿಂತೇ ಹೋಯಿತು, ಗಾಳದವರಿಗೆ ಮಾತ್ರ ಅವಕಾಶ. ಕೆನಡಾ ಕಡೆ ಬಲೆ ಉಳಿಯಿತು, ಆದರೆ ಲೆಕ್ಕದೊಳಗೆ. 1976ರಿಂದ ಒಟ್ಟು ಎಷ್ಟು ಮೀನು ಹಿಡಿಯಬಹುದೆಂದು ಮೊದಲೇ ಎಣಿಸಿ, ಪಾಲು ಹಂಚುತ್ತಾರೆ. ಬಲೆಯವರಿಗೂ ಗಾಳದವರಿಗೂ ಜಗಳ ಆಗದೇ ಇರಲಿಲ್ಲ. ಆದರೂ ಎರಡು ದೇಶ ಒಂದೇ ಮೇಜಿನಲ್ಲಿ ಕೂತು ಮೀನಿನ ಲೆಕ್ಕ ಹಾಕುವ ಪದ್ಧತಿ ಇಂದಿಗೂ ನಡೆದಿದೆ.

ಫಲ ಬೇಗ ಕಂಡಿತು. 1982ರ ವಸಂತದಲ್ಲಿ ಹುಟ್ಟಿದ ಮರಿಗಳು ಅಪಾರ ಸಂಖ್ಯೆಯಲ್ಲಿ ಉಳಿದವು. ಆಮೇಲೆ 2003, 2015, 2018 ಕೂಡ ಅಂಥ ಭರ್ಜರಿ ವರ್ಷಗಳು. ಇಂದು ಮಾರ್ಚ್-ಏಪ್ರಿಲ್‌ನಲ್ಲಿ ಮೌಮಿಗೆ ದೂರದ ರಾಜ್ಯಗಳಿಂದಲೂ ಜನ ಬರುತ್ತಾರೆ. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಅದೇ ಹೊಸ ನೀರು, ಇನ್ನೊಂದು ಸರಕು

1990ರ ದಶಕದಿಂದ ಪಾಚಿ ಮರಳಿತು. ಈ ಸಲ ಮುಖ್ಯ ಮೂಲ ನಗರದ ಚರಂಡಿಯಲ್ಲ, ಹೊಲ. ಮೌಮಿಯ ಜಲಾನಯನದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೃಷಿ ಭೂಮಿ. ರಸಗೊಬ್ಬರ, ಪಶುಸಾಕಣೆ ಕೇಂದ್ರಗಳ ಸಗಣಿ, ಎರಡರ ರಂಜಕವೂ ವಸಂತದ ಮಳೆಗೆ ಕರಗಿ, ಅಜ್ಜಂದಿರು ಜೌಗು ಬಸಿಯಲು ಹೂತ ಕೊಳವೆಗಳ ಜಾಲದಲ್ಲೇ ಹೊಳೆಗೆ ಹೋಗುತ್ತದೆ. ಹಡಗುಗಳ ಜೊತೆ ಪರದೇಶದಿಂದ ಬಂದ ಜೀಬ್ರಾ ಚಿಪ್ಪುಜೀವಿಗಳೂ ಪಾಚಿಗೆ ಅನುಕೂಲ ಮಾಡಿಕೊಟ್ಟವು. ಅವು ವಿಷದ ಪಾಚಿ ಬಿಟ್ಟು ಮಿಕ್ಕ ಪಾಚಿ ತಿನ್ನುತ್ತವೆ.

2014ರ ಆಗಸ್ಟ್ 2ರಂದು ಟೊಲೀಡೊ ನಗರ ತನ್ನ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಿತು. ಕುದಿಸಿದರೆ ಪಾಚಿಯ ವಿಷ ಇನ್ನೂ ಗಟ್ಟಿಯಾಗುತ್ತದೆ. ಸುಮಾರು ಐದು ಲಕ್ಷ ಜನ ಸರೋವರದ ಪಕ್ಕದಲ್ಲೇ ಇದ್ದು ಬಾಟಲಿ ನೀರಿಗೆ ಸಾಲು ನಿಂತರು. ನಿಷೇಧ ತೆಗೆದದ್ದು ಆಗಸ್ಟ್ 4ಕ್ಕೆ. 2019ರಲ್ಲಿ ನಗರದ ಮತದಾರರು ಸರೋವರಕ್ಕೇ ಕಾನೂನಿನ ಹಕ್ಕು ಕೊಡುವ ಮಸೂದೆ ಗೆಲ್ಲಿಸಿದರು. ಒಬ್ಬ ರೈತ ಕುಟುಂಬ ಕೋರ್ಟಿಗೆ ಹೋಯಿತು. ಮರುವರ್ಷ ನ್ಯಾಯಾಲಯ ಅದನ್ನು ರದ್ದು ಮಾಡಿತು.

ವಾಟರ್‌ವಿಲ್ ಎಂಬ ಸಣ್ಣ ಊರಲ್ಲಿ ಮೌಮಿಯ ನೀರು ಅಳೆಯುವ ಕೇಂದ್ರವಿದೆ. ಗಾಳದವರು ಮಾರ್ಚ್‌ನಲ್ಲಿ ಆ ಅಂಕಿ ನೋಡಿ ಹೊಳೆಗಿಳಿಯಬಹುದೇ ಎಂದು ತೀರ್ಮಾನಿಸುತ್ತಾರೆ. ಅಲ್ಲೇ 1970ರ ದಶಕದ ಮಧ್ಯದಿಂದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು ನೀರಿನ ಮಾದರಿ ತೆಗೆದು ರಂಜಕ ಅಳೆಯುತ್ತಿದ್ದಾರೆ. ಮಾರ್ಚ್‌ನಿಂದ ಜುಲೈವರೆಗೆ ಅಲ್ಲಿ ಹರಿದ ರಂಜಕ ನೋಡಿ, ಬೇಸಿಗೆಯ ಕೊನೆಗೆ ಪಾಚಿ ಎಷ್ಟು ಹಬ್ಬುತ್ತದೆ ಎಂದು ಮುಂಚೆಯೇ ಅಂದಾಜಿಸುತ್ತಾರೆ. ಮೀನನ್ನು ಹೊಳೆ ಹತ್ತಿಸುವ ಮಳೆಯೇ ಪಾಚಿಯ ಮೇವನ್ನೂ ಸರೋವರಕ್ಕೆ ಇಳಿಸುತ್ತದೆ.

ಈ ವಸಂತದ ರಂಜಕವನ್ನು 2008ರ ಮಟ್ಟಕ್ಕಿಂತ ಶೇಕಡಾ 40ರಷ್ಟು ಇಳಿಸಬೇಕೆಂಬುದು ಎರಡೂ ದೇಶ ಒಪ್ಪಿದ ಗುರಿ. 2019ರಲ್ಲಿ ಒಹಾಯೊ ‘ಎಚ್‌2ಒಹಾಯೊ’ ಯೋಜನೆ ತಂದಿತು. ಮಣ್ಣು ಪರೀಕ್ಷೆ ನೋಡಿ ಗೊಬ್ಬರ ಹಾಕುವ, ಚೆಲ್ಲದೆ ಮಣ್ಣೊಳಗೆ ಕೂರಿಸುವ ರೈತರಿಗೆ ಹಣ ಕೊಡುತ್ತದೆ. ಹಳೆಯ ಜೌಗಿನ ಚೂರುಪಾರನ್ನು ಮತ್ತೆ ಕಟ್ಟಿಸುತ್ತದೆ. ಕಷ್ಟ ಎಲ್ಲಿದೆ ಅಂದರೆ, ಕಾರ್ಖಾನೆಯ ಕೊಳವೆ ಒಂದು, ಅದನ್ನು ಮುಚ್ಚಿಸಲು ಒಂದು ಆದೇಶ ಸಾಕು. ಹೊಲದ ಕೊಳವೆ ಸಾವಿರಾರು, ಒಂದೊಂದರ ತಪ್ಪೂ ಚಿಟಿಕೆಯಷ್ಟು. ಶುದ್ಧ ನೀರಿನ ಕಾಯ್ದೆ ಮೊದಲನೆಯದನ್ನು ಹಿಡಿಯಿತು, ಎರಡನೆಯದನ್ನು ಬಹುಮಟ್ಟಿಗೆ ರೈತರ ಒಪ್ಪಿಗೆಗೇ ಬಿಟ್ಟಿತು.

ಗಾಳದವರ ಕೈತುಂಬ ವಾಲ್‌ಐ ಇರುವಾಗಲೇ ನಲ್ಲಿಯಲ್ಲಿ ವಿಷ ಬಂದದ್ದು ನೆನಪಿಡಬೇಕು. ಮೀನು ಹೆಚ್ಚಿದೆ ಅಂದಮಾತ್ರಕ್ಕೆ ನೀರು ನೆಟ್ಟಗಿದೆ ಅಂತಲ್ಲ. ಮೀನು ಹಿಡಿಯುವ ಕೈಗಳಿಗೆ ಲೆಕ್ಕ ಹಾಕಿದ್ದಕ್ಕೆ ಮೀನು ಬಂತು. ಗೊಬ್ಬರ ಹಾಕುವ ಕೈಗಳ ಲೆಕ್ಕ ಈಗಷ್ಟೇ ಶುರುವಾಗಿದೆ.

2018ರಲ್ಲಿ ಟೊಲೀಡೊದ ಮೃಗಾಲಯದವರೂ ಸರ್ಕಾರಿ ಇಲಾಖೆಗಳೂ ಸೇರಿ, ಒಂದು ಕಾಲದಲ್ಲಿ ದಡದಲ್ಲಿ ಸುಟ್ಟ ಅದೇ ಸ್ಟರ್ಜನ್‌ನ ಸಾವಿರಾರು ಮರಿಗಳನ್ನು ಮೌಮಿಗೆ ಬಿಟ್ಟರು. ಹೆಣ್ಣು ಸ್ಟರ್ಜನ್ ಮೊಟ್ಟೆ ಇಡಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಅವು ಬೆಳೆದು ಬೆಣಚುಕಲ್ಲು ಹುಡುಕಿ ಹೊಳೆ ಹತ್ತುವ ವಸಂತ ಬರುವುದು 2040ರ ಆಸುಪಾಸಿಗೆ. ಅಲ್ಲಿಯವರೆಗೆ ಹೊಳೆಯ ತಳ ಹೂಳು ತುಂಬದೆ ಇರಬೇಕು. ಅದು ಮೇಲಿನ ಹೊಲದವರ ಕೈಯಲ್ಲಿದೆ.