ಬರುವವನಿಗಾಗಿ ಹೊಲ ಮಾರಿ ಹೊರಟವರು



ದೀಪಾವಳಿಯ ಹಣತೆಗಳನ್ನು ಅಮ್ಮ ಡಬ್ಬಿಗೆ ಹಾಕಿ ಮೇಲೆ ಇಡುವ ಹೊತ್ತಿಗೆ, ಸ್ವೀಡನ್ನಿನ ಕಿಟಕಿಗಳಲ್ಲಿ ಬೇರೆ ದೀಪಗಳು ಹತ್ತಿಕೊಳ್ಳುತ್ತವೆ. ಏಳು ದೀಪಗಳ ಕಮಾನು, ಕಾಗದದ ನಕ್ಷತ್ರ. ನಿಮ್ಮ ಮನೆಯ ಕಿಟಕಿಯಲ್ಲೂ ಒಂದು ಇರಬಹುದು. ಶಾಲೆಯಲ್ಲಿ ನಾಲ್ಕು ಮೇಣದ ಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚಿದ ನೆನಪಂತೂ ಇದ್ದೇ ಇರುತ್ತದೆ. ಅದಕ್ಕೆ ಅಡ್ವೆಂಟ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಮಾತಿಗೆ 'ಬರುವುದು', 'ಆಗಮನ' ಎಂದು ಅರ್ಥ.

ಬರುವವರು ಯಾರು? ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸು ಎಂದು ಥಟ್ಟನೆ ಹೇಳುತ್ತೀರಿ. ಸರಿ. ಆದರೆ ಮೊದಲ ಬತ್ತಿ ಹಚ್ಚುವ ಭಾನುವಾರಕ್ಕೆ ಸರಿಯಾಗಿ ಒಂದು ವಾರ ಮುಂಚೆ ಇನ್ನೊಂದು ಭಾನುವಾರ ಬರುತ್ತದೆ. ಸ್ವೀಡಿಷ್ ಚರ್ಚಿನ ವರ್ಷಕ್ಕೆ ಅದೇ ಕೊನೆಯ ಭಾನುವಾರ. ಹೆಸರು ದುಮ್ಸ್‌ಸೋಂದಾಗೆನ್, ಅಂದರೆ ತೀರ್ಪಿನ ಭಾನುವಾರ. ಅಂದಿನ ಪ್ರವಚನದ ವಿಷಯ ಕ್ರಿಸ್ತನ ಮರುಬರವು. ಹೀಗಾಗಿ ಈ ದೇಶದಲ್ಲಿ ಪ್ರತಿ ವರ್ಷವೂ ಲೋಕದ ಕೊನೆಯನ್ನು ನೆನೆದ ಮೇಲೆಯೇ ಮಗುವಿನ ಹುಟ್ಟಿಗೆ ದೀಪ ಹಚ್ಚುತ್ತಾರೆ.

ನಂಬಿಕೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಶಿಲುಬೆಯಲ್ಲಿ ಸತ್ತ ಯೇಸು ಮೂರನೆಯ ದಿನ ಎದ್ದ, ಪರಲೋಕಕ್ಕೆ ಏರಿಹೋದ, ಮತ್ತೊಮ್ಮೆ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುತ್ತಾನೆ. ಮಂಗಳೂರು, ಧಾರವಾಡ, ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಕ್ರೈಸ್ತರೂ ಇದನ್ನು ತಮ್ಮ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾರೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಯುದ್ಧ, ಬರ, ರೋಗ, ಮಿಡತೆಯ ಹಿಂಡು, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ, ಕಡೆಗೆ ಹೊಸ ಆಕಾಶ ಮತ್ತು ಹೊಸ ಭೂಮಿ ಬರುತ್ತವೆ. ಆ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ ಎಂದು ಸುವಾರ್ತೆಯೇ ಹೇಳುತ್ತದೆ. ಹಾಗಿದ್ದೂ ಲೆಕ್ಕ ಹಾಕಿದವರು ಇದ್ದೇ ಇದ್ದರು. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು. ಮರುದಿನ ಎಂದಿನಂತೆ ಬೆಳಗಾಯಿತು.

ನಮ್ಮ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ಕಲಿಯುಗದ ಕೊನೆಗೆ ಕಲ್ಕಿ ಬರುತ್ತಾನೆಂದು ಅಜ್ಜಿ ಹೇಳಿರಬಹುದು. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನವಿದೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲು ಕಾರ್ಣಿಕ ನುಡಿಯುತ್ತಾನೆ. ಅದು ಮಳೆಯೋ ಬೆಳೆಯೋ ರಾಜಕೀಯವೋ ಎಂದು ಜನ ವರ್ಷವಿಡೀ ಅರ್ಥ ಹುಡುಕುತ್ತಾರೆ. ಆದರೆ ಕಾರ್ಣಿಕ ಕೇಳಿದ ಮೇಲೆ ರೈತ ಊರಿಗೆ ಮರಳಿ ಬಿತ್ತನೆಗೆ ಹೊರಡುತ್ತಾನೆ. ನಾನು ಇಂದು ಹೇಳಹೊರಟಿರುವುದು ಬಿತ್ತನೆಯನ್ನೇ ಬಿಟ್ಟು ಹೊರಟವರ ಕಥೆ.

ಕೆಂಪು ಮರದ ಕುದುರೆಗಳಿಗೆ ಹೆಸರಾದ ದಾಲಾರ್ನಾ ನಿಮಗೆ ಗೊತ್ತು. ಅಲ್ಲಿ ವೆಸ್ಟೆರ್‌ದಾಲ್ ನದಿಯ ದಂಡೆಯಲ್ಲಿ ನೋಸ್ ಎಂಬ ಹಳ್ಳಿ ಇದೆ. 1896ರ ಬೇಸಿಗೆಯಲ್ಲಿ ಆ ಊರಿನ ಮೂವತ್ತಕ್ಕೂ ಹೆಚ್ಚು ಜನ ಹೊಲ, ಮನೆ, ದನ, ಪಾತ್ರೆ ಪಗಡ ಎಲ್ಲವನ್ನೂ ಮಾರಿ ಜೆರುಸಲೇಮಿಗೆ ಹೊರಟರು. ಅವರಲ್ಲಿ ಬಹಳಷ್ಟು ಮಕ್ಕಳೂ ಇದ್ದರು. ಕ್ರಿಸ್ತ ಮರಳಿ ಬರುವ ದಿನ ಹತ್ತಿರವಾಗಿದೆ, ಆ ಹೊತ್ತಿಗೆ ಆ ಊರಿನಲ್ಲೇ ಇರಬೇಕು ಎಂಬುದು ಅವರ ನಂಬಿಕೆ.

ಹುಚ್ಚರು ಎಂದುಬಿಡಬೇಡಿ, ಸ್ವಲ್ಪ ತಾಳಿ. ಅವರು ಓದು ಬಲ್ಲ ಜನ. 1686ರ ಚರ್ಚ್ ಕಾನೂನಿನಿಂದಾಗಿ ಸ್ವೀಡನ್ನಿನ ರೈತರೂ ಆಳುಗಳೂ ಓದಲು ಕಲಿಯಬೇಕಿತ್ತು. ಪಾದ್ರಿ ಊರೂರಿಗೆ ಬಂದು ದೊಡ್ಡವರನ್ನೂ ಮಕ್ಕಳನ್ನೂ ಕೂರಿಸಿ ಪರೀಕ್ಷೆ ಮಾಡುತ್ತಿದ್ದ. ಓದು ಬಂದ ಮೇಲೆ ಜನ ಬೈಬಲ್ಲಿಗೆ ತಮ್ಮದೇ ಅರ್ಥ ಹೇಳದೆ ಇರುತ್ತಾರೆಯೇ? ಆದರೆ 1726ರ ಇನ್ನೊಂದು ಕಾನೂನು, ಪಾದ್ರಿಯಿಲ್ಲದೆ ಮನೆಯಲ್ಲಿ ಜನ ಸೇರಿ ಪ್ರಾರ್ಥನೆ ಮಾಡುವುದನ್ನು ನಿಷೇಧಿಸಿತ್ತು. ಕದ್ದುಮುಚ್ಚಿ ಸೇರಿ ಓದುತ್ತಿದ್ದವರಿಗೆ 'ಲೇಸಾರೆ', ಅಂದರೆ 'ಓದುಗರು' ಎಂದೇ ಹೆಸರು ಬಿತ್ತು. ಆ ನಿಷೇಧ ತೆಗೆದದ್ದು 1858ರಲ್ಲಿ. ಅಷ್ಟರಲ್ಲಿ, ಪಾದ್ರಿಗಿಂತ ತನ್ನ ಕೈಲಿರುವ ಪುಸ್ತಕವೇ ದೊಡ್ಡದು ಎನ್ನುವ ಜನ ಹಳ್ಳಿಹಳ್ಳಿಯಲ್ಲೂ ಇದ್ದರು.

ಜೊತೆಗೆ ಅದು ವಲಸೆಯ ಕಾಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸ್ವೀಡಿಷರು ಅಮೆರಿಕಕ್ಕೆ ಹೋದರು. ಹೊಲ ಮಾರಿ ಹಡಗು ಹತ್ತುವುದು ಆಗ ಊರೂರಲ್ಲೂ ನಡೆಯುತ್ತಿದ್ದದ್ದೇ. ಹಾಗೆ ಹೋದವರಲ್ಲಿ ಊಲೊಫ್ ಹೆನ್ರಿಕ್ ಲಾರ್ಸೊನ್ ಒಬ್ಬರು. ಷಿಕಾಗೋದಲ್ಲಿ ಸ್ವೀಡಿಷರ ಒಂದು ಸಣ್ಣ ಭಕ್ತವೃಂದಕ್ಕೆ ಮುಖ್ಯಸ್ಥರಾಗಿದ್ದರು. ನೋಸ್‌ನಲ್ಲೂ ಅವರ ಮಾತು ಕೇಳುವವರಿದ್ದರು.

ಅದೇ ಷಿಕಾಗೋದ ಇನ್ನೊಂದು ಕುಟುಂಬ ಹೊರೇಷಿಯೋ ಮತ್ತು ಅನ್ನಾ ಸ್ಪಾಫರ್ಡ್ ಅವರದು. ಅನ್ನಾ ಹುಟ್ಟಿದ್ದು ನಾರ್ವೆಯಲ್ಲಿ. 1873ರ ನವೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಅವರ ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿತು. ನಾಲ್ವರು ಹೆಣ್ಣುಮಕ್ಕಳೂ ನೀರುಪಾಲಾದರು, ತಾಯಿಯೊಬ್ಬರೇ ಉಳಿದರು. ಆ ದುಃಖದಲ್ಲಿ ಹೊರೇಷಿಯೋ ಬರೆದ ಒಂದು ಗೀತೆಯನ್ನು ಇಂದಿಗೂ ಜಗತ್ತಿನ ಚರ್ಚುಗಳಲ್ಲಿ ಹಾಡುತ್ತಾರೆ. 1881ರಲ್ಲಿ ಅವರು ಕೆಲವು ಗೆಳೆಯರೊಂದಿಗೆ ಜೆರುಸಲೇಮಿಗೆ ಹೋಗಿ ಒಂದೇ ಕುಟುಂಬದಂತೆ ಬಾಳತೊಡಗಿದರು. ಊರವರು ಅದನ್ನು ಅಮೆರಿಕನ್ ಕಾಲೊನಿ ಎಂದು ಕರೆದರು. ಗಂಡ ತೀರಿಕೊಂಡ ಮೇಲೆ ಮುಂದಾಳತ್ವ ಅನ್ನಾ ಅವರಿಗೆ ಬಂತು. ಅವರು ಷಿಕಾಗೋಗೆ ಬಂದಾಗ ಲಾರ್ಸೊನ್ ಅವರ ಪರಿಚಯವಾಯಿತು. ಇಬ್ಬರೂ ಒಂದೇ ದಿನಕ್ಕಾಗಿ ಕಾಯುತ್ತಿದ್ದವರು. ಷಿಕಾಗೋದ ಸ್ವೀಡಿಷರು ಅವರ ಜೊತೆ ಹೊರಟರು. ನೀವೂ ಬನ್ನಿ ಎಂಬ ಕರೆ ನೋಸ್‌ಗೂ ಹೋಯಿತು.

ಈಗ ಆ ಮಕ್ಕಳನ್ನು ನೆನೆಯಿರಿ. ಲಾರ್ಸ್ ಲಾರ್ಸೊನ್‌ಗೆ ಸುಮಾರು ಹದಿನೈದು ವರ್ಷ. ಎರಿಕ್ ಮಾಟ್ಸೊನ್‌ಗೆ ಎಂಟು. ನಿಮ್ಮಲ್ಲಿ ಎಷ್ಟೋ ಜನ ಹಾಗೆಯೇ ಅಪ್ಪ ಅಮ್ಮನ ಕೈಹಿಡಿದು ವಿಮಾನ ಹತ್ತಿದವರು, ಇಲ್ಲವೇ ಅವರು ಹತ್ತಿ ಬಂದ ಮೇಲೆ ಇಲ್ಲಿ ಹುಟ್ಟಿದವರು. ಹೊರಡುವಾಗ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಎಂಟು ವರ್ಷದವನು ಏನು ಹೇಳಿಯಾನು?

ಜೆರುಸಲೇಮಿನ ಬದುಕು ಸುಲಭವಿರಲಿಲ್ಲ. ಹೊಸ ಹವೆ, ಹೊಸ ಕಾಯಿಲೆ. ಕೆಲವರು ಮೊದಲ ವರ್ಷಗಳಲ್ಲೇ ತೀರಿಕೊಂಡರು. ಆಸ್ತಿ ಎಲ್ಲರದೂ ಒಂದೇ ಆಗಿತ್ತು, ಸ್ವಂತದ್ದೆಂದು ಯಾರಿಗೂ ಏನೂ ಇರಲಿಲ್ಲ. ಅದಕ್ಕಿಂತ ಕಠಿಣವಾದದ್ದು ಇನ್ನೊಂದು ನಿಯಮ: ಮದುವೆ ಕೂಡದು. ಮದುವೆಯಾದವರೂ ಗಂಡ ಹೆಂಡಿರಾಗಿ ಬಾಳಕೂಡದು. ಲೋಕವೇ ಮುಗಿಯುವಾಗ ಸಂಸಾರ ಯಾಕೆ ಎಂಬ ತರ್ಕ. ಹೀಗೆ ಕಾಯುವುದು ದೊಡ್ಡವರು ತಾವೇ ಆರಿಸಿಕೊಂಡ ವ್ರತ. ಆದರೆ ಅದರ ಬೆಲೆ ತೆತ್ತವರಲ್ಲಿ ಆಗ ಹರೆಯಕ್ಕೆ ಬರುತ್ತಿದ್ದ ಮಕ್ಕಳೂ ಇದ್ದರು. 1904ರಲ್ಲಿ ಈ ಕಟ್ಟು ಸಡಿಲವಾಯಿತು. ಅನ್ನಾ ಅವರ ಮಗಳು ಬರ್ಥಾ ಮದುವೆಯಾಗಲು ಬಯಸಿದಳು, ಆದಳು. ಆಮೇಲೆ ಉಳಿದವರಿಗೂ ದಾರಿಯಾಯಿತು. ತಾಯಿಯ ನಿಯಮ ಮಗಳ ಬಾಗಿಲಲ್ಲಿ ನಿಲ್ಲಲಿಲ್ಲ.

ಸೆಲ್ಮಾ ಲಾಗರ್‌ಲೋಫ್ ಅವರ ಹೆಸರು ಇಲ್ಲಿ ಹೇಳಲೇಬೇಕು. ಹಳೆಯ ಇಪ್ಪತ್ತು ಕ್ರೋನಾ ನೋಟಿನ ಮೇಲೆ ಅವರ ಮುಖವಿತ್ತು, ಅಪ್ಪನ ಹಳೆಯ ಪರ್ಸಿನಲ್ಲಿ ನೋಡಿರಬಹುದು. 1900ರಲ್ಲಿ ಅವರು ಜೆರುಸಲೇಮಿಗೆ ಹೋಗಿ ಈ ದಾಲಾರ್ನಾದ ರೈತರನ್ನು ಕಂಡರು. ಅದರಿಂದ ಹುಟ್ಟಿದ ಕಾದಂಬರಿಯೇ 'ಜೆರುಸಲೇಮ್'. 1901 ಮತ್ತು 1902ರಲ್ಲಿ ಎರಡು ಭಾಗಗಳಾಗಿ ಬಂತು. 1909ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಊರು ಬಿಟ್ಟವರಿಗೂ ಊರಲ್ಲೇ ಉಳಿದವರಿಗೂ ನಡುವೆ ಉಳಿಯುವ ನೋವು ಆ ಕಾದಂಬರಿಯ ತಿರುಳು. ಇಂದಿಗೂ ಬೇಸಿಗೆಯಲ್ಲಿ ನೋಸ್‌ನ ಬಯಲಲ್ಲಿ ಆ ಕಥೆಯ ನಾಟಕ ಆಡುತ್ತಾರೆ.

ಕಾಲೊನಿಯವರು ಕಾಯುತ್ತಲೇ ಇದ್ದರು. ಆದರೆ ಕಾಯುವಾಗಲೂ ಹೊಟ್ಟೆಗೆ ಬೇಕಲ್ಲ? ಹೈನು, ಬೇಕರಿ, ನೇಯ್ಗೆ, ಪ್ರವಾಸಿಗರಿಗೆ ಅಂಗಡಿ, ಹೀಗೆ ಕೆಲಸಗಳು ಬೆಳೆದವು. 1898ರಲ್ಲಿ ಜರ್ಮನಿಯ ಚಕ್ರವರ್ತಿ ಜೆರುಸಲೇಮಿಗೆ ಬಂದ ಸಮಯದಲ್ಲಿ ಫೋಟೋ ವಿಭಾಗವೂ ಶುರುವಾಯಿತು. ನೋಸ್‌ನ ಹುಡುಗ ಲಾರ್ಸ್, ಈಗ ಲೂಯಿಸ್ ಲಾರ್ಸೊನ್, ಮುಂದೆ ಅದರ ಮುಖ್ಯಸ್ಥನಾದ. ಎರಿಕ್ ಕತ್ತಲೆ ಕೋಣೆಯ ಕೆಲಸ ಕಲಿತ.

1915ರ ವಸಂತದಲ್ಲಿ ಮಿಡತೆ ಬಂತು. ಆಕಾಶವೇ ಕಪ್ಪಾಗುವಷ್ಟು. ಅಂಜೂರ, ಆಲಿವ್, ದ್ರಾಕ್ಷಿ, ಹಸಿರೆಂಬುದನ್ನೆಲ್ಲ ತಿಂದು ಬರಿಯ ಕೊಂಬೆ ಉಳಿಸಿತು. ಮೊದಲನೆಯ ಮಹಾಯುದ್ಧ ಆಗಲೇ ನಡೆಯುತ್ತಿತ್ತು, ಹಸಿವು ಬಾಗಿಲಲ್ಲಿತ್ತು. ಯುದ್ಧ, ಬರ, ಮಿಡತೆ: ಪ್ರಕಟನೆಯ ಪುಸ್ತಕ ಓದಿ ಬೆಳೆದ ಮನೆಯಲ್ಲಿ ಇದಕ್ಕಿಂತ ದೊಡ್ಡ ಗುರುತು ಇನ್ನೇನು ಬೇಕು? ಆಗ ಆ ತರುಣರು ಮಾಡಿದ್ದೇನು ಗೊತ್ತೆ? ಕ್ಯಾಮೆರಾ ಹೊತ್ತು ಹೊರಗೆ ಹೋದರು. ಮಣ್ಣಿನಲ್ಲಿ ಮೊಟ್ಟೆಯಿಡುವುದರಿಂದ ಹಿಡಿದು ಮರಿ, ಪೊರೆ ಬಿಡುವುದು, ರೆಕ್ಕೆ ಬರುವುದು, ಎಲ್ಲವನ್ನೂ ಹಂತಹಂತವಾಗಿ ಚಿತ್ರ ತೆಗೆದರು. ಒಂದೇ ಮರವನ್ನು ಮಿಡತೆ ಬರುವ ಮುಂಚೆ ಒಮ್ಮೆ, ಹೋದ ಮೇಲೆ ಒಮ್ಮೆ ತೆಗೆದರು. ಅದೇ ವರ್ಷದ ಡಿಸೆಂಬರ್‌ನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಆ ಚಿತ್ರಗಳೊಂದಿಗೆ ಲೇಖನ ಬಂತು. ಬರೆದವರು ಜಾನ್ ವೈಟಿಂಗ್, 1882ರಲ್ಲಿ ಕಾಲೊನಿಯಲ್ಲೇ ಹುಟ್ಟಿದವರು. ಮಿಡತೆಯನ್ನು ಹೆತ್ತವರು ಪುಸ್ತಕದಲ್ಲಿ ಓದಿ ನಡುಗಿದ್ದರು. ಮಕ್ಕಳು ಅದರ ಹತ್ತಿರ ಕೂತು ಕಾಲು, ರೆಕ್ಕೆ ನೋಡಿದರು.

ಯುದ್ಧ ಬಿಗಿಯಾದಾಗ ಕಾಲೊನಿಯವರು ಗಂಜಿಕೇಂದ್ರ ನಡೆಸಿ ಸಾವಿರಾರು ಜನರಿಗೆ ಉಣಬಡಿಸಿದರು, ಗಾಯಾಳುಗಳ ಶುಶ್ರೂಷೆ ಮಾಡಿದರು. 1917ರ ಡಿಸೆಂಬರ್ 9ರಂದು ಜೆರುಸಲೇಮಿನ ಮೇಯರ್ ಹುಸೇನ್ ಅಲ್ ಹುಸೇನಿ ಬಿಳಿ ಬಾವುಟ ಹಿಡಿದು ಇಬ್ಬರು ಬ್ರಿಟಿಷ್ ಸಾರ್ಜೆಂಟರ ಎದುರು ನಿಂತ ಚಿತ್ರವನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡುತ್ತೀರಿ. ಅದನ್ನು ತೆಗೆದದ್ದು ದಾಲಾರ್ನಾದ ಹುಡುಗ ಲೂಯಿಸ್ ಲಾರ್ಸೊನ್. ಮುಂದೆ ಅವರು ಜೆರುಸಲೇಮಿನಲ್ಲಿ ಸ್ವೀಡನ್ನಿನ ಕಾನ್ಸುಲ್ ಆದರು. ಎರಿಕ್ ಮಾಟ್ಸೊನ್ 1946ರಲ್ಲಿ ಅಮೆರಿಕಕ್ಕೆ ಹೋದರು. ಸಾವಿರಾರು ನೆಗೆಟಿವ್‌ಗಳನ್ನು 1966ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಇಂದು ಅವು ಅಂತರ್ಜಾಲದಲ್ಲಿವೆ. ಒಮ್ಮೆ ತೆರೆದು ನೋಡಿ. ಆ ನಾಡಿನ ಬೀದಿ, ಸಂತೆ, ಮದುವೆ, ಸುಗ್ಗಿ, ಎಲ್ಲ ಧರ್ಮದ ಜನರ ಮುಖ ಅವುಗಳಲ್ಲಿ ಉಳಿದಿವೆ. ಬರ್ಥಾ 1925ರಲ್ಲಿ ಶುರುಮಾಡಿದ ಶಿಶುಗಳ ಆರೈಕೆಯ ಮನೆ ಸ್ಪಾಫರ್ಡ್ ಮಕ್ಕಳ ಕೇಂದ್ರವೆಂಬ ಹೆಸರಿನಲ್ಲಿ ಮುಂದುವರಿಯಿತು. ನೋಸ್‌ನವರು ಬಂದಿಳಿದ ದೊಡ್ಡ ಮನೆ ಈಗ ಹೋಟೆಲು.

ಇಂಥ ಕಾಯುವಿಕೆ ಕನ್ನಡದ ಬಾಗಿಲಿಗೂ ಬಂದಿತ್ತು. ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್‌ನ ಬೆಂಗೆಲ್ ಎಂಬ ಪಂಡಿತರು 1836ರಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಶುರುವಾಗುತ್ತದೆಂದು ಲೆಕ್ಕ ಹಾಕಿದ್ದರು. ಅವರನ್ನು ಬಹಳ ಗೌರವಿಸುತ್ತಿದ್ದ ಭಕ್ತವಲಯಗಳಿಂದಲೇ ಬಾಸೆಲ್ ಮಿಷನ್ನಿಗೆ ಅನೇಕರು ಬಂದರು. ಆ ಮಿಷನ್ನು 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. 1836 ಬಂತು, ಹೋಯಿತು. ವ್ಯುರ್ಟೆಂಬರ್ಗ್‌ನವರೇ ಆದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದರು, ಅದು ಕನ್ನಡದ ಮೊದಲ ಪತ್ರಿಕೆ. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಕೊನೆಯ ದಿನವನ್ನು ನಂಬಿದ ಜನರೂ ಹತ್ತಾರು ವರ್ಷ ಹಿಡಿಯುವ ಕೆಲಸಕ್ಕೆ ಕೈಹಾಕಿದರು.

ಹಾಗಾದರೆ ನೋಸ್‌ನ ಆ ರೈತರು ಮೋಸಹೋದರೇ? ಕ್ರಿಸ್ತ ಬರುತ್ತಾನೆಂಬ ನಂಬಿಕೆಯ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಕೋಟ್ಯಂತರ ಕ್ರೈಸ್ತರು ಅದನ್ನು ನಂಬಿಕೊಂಡೇ ನೆಮ್ಮದಿಯಾಗಿ ದುಡಿದು, ಮಕ್ಕಳನ್ನು ಸಾಕಿ ಬಾಳುತ್ತಿದ್ದಾರೆ. ನನಗೆ ಈ ಇತಿಹಾಸದಲ್ಲಿ ಕಾಣುವುದು ಇಷ್ಟು: ಹೊರಡುವ ತೀರ್ಮಾನ ಹೆತ್ತವರದು, ಹೋದ ಕಡೆ ಆ ತೀರ್ಮಾನ ಏನಾಗುತ್ತದೆ ಎಂಬುದು ಮಕ್ಕಳ ಕೈಯಲ್ಲಿ. ಅವರು ಹೆತ್ತವರ ನಂಬಿಕೆಯನ್ನು ಹೀಗಳೆದು ಓಡಿಹೋಗಲಿಲ್ಲ. ಹಾಗೆಂದು ಆಕಾಶ ನೋಡುತ್ತಾ ಕೂರಲೂ ಇಲ್ಲ. ಸುತ್ತಲಿನ ಊರನ್ನು ಕಣ್ಣುತುಂಬ ನೋಡಿದರು, ಅದರ ಕಷ್ಟಕ್ಕೆ ಆದರು.

ನಮ್ಮ ಮನೆಗಳಲ್ಲೂ ಒಂದು ಕಾಯುವಿಕೆ ಇದೆ. 'ಇನ್ನೊಂದೈದು ವರ್ಷ, ಆಮೇಲೆ ಊರಿಗೆ ಹೋಗಿಬಿಡೋಣ' ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಆ ಐದು ವರ್ಷ ಇಪ್ಪತ್ತಾಗಿರುತ್ತದೆ. ಅದನ್ನು ಕೇಳಿ ನಗಬೇಡಿ. ಈ ಸಲ ತೀರ್ಪಿನ ಭಾನುವಾರ ಕಳೆದು ಅಡ್ವೆಂಟಿನ ಮೊದಲ ಬತ್ತಿ ಹಚ್ಚುವ ಸಂಜೆ, ಕಾಫಿಗೆ ಕೂತಾಗ ಅಪ್ಪನನ್ನೋ ಅಮ್ಮನನ್ನೋ ಕೇಳಿ: ಬರುವಾಗ ಏನು ಮಾರಿ ಬಂದಿರಿ, ಏನು ಬಿಟ್ಟು ಬಂದಿರಿ, ಏನಾಗುತ್ತದೆಂದು ಕಾದಿರಿ? ಅವರು ಹೇಳಿದ್ದನ್ನು ಬರೆದಿಡಿ, ಇಲ್ಲವೇ ಫೋನಿನಲ್ಲಿ ದನಿ ಹಿಡಿದಿಡಿ.