ಸಂಕೇತ ವಿಳಂಬದ ಅಳತೆ

ಒಂದು ಕಂಪ್ಯೂಟರ್ ಕಳಿಸಿದ ಸಂಕೇತ ಮತ್ತೊಂದನ್ನು ಮುಟ್ಟಲು ಹಿಡಿಯುವ ಹೊತ್ತನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕ್ರಮ. ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ಲ್ಯಾಬಿನಿಂದ ಹಿಡಿದು ವಿದ್ಯುತ್ ಜಾಲ, ಷೇರುಪೇಟೆ, ಉಪಗ್ರಹ ಸಂಪರ್ಕದವರೆಗೆ ಇದರ ಬಳಕೆಯಿದೆ.

ವಿಳಂಬಕ್ಕೆ ಕಾರಣ ಒಂದೇ ಅಲ್ಲ. ತಾಮ್ರದ ಕೇಬಲ್ಲಿನಲ್ಲಾಗಲಿ ಗಾಜಿನ ಫೈಬರಿನಲ್ಲಾಗಲಿ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ಬೇಕು. ಕಲಬುರಗಿಯ ಜಗತ್ ವೃತ್ತದಿಂದ ಕಮಲಾಪುರಕ್ಕೆ ಸುಮಾರು 35 ಕಿ.ಮೀ. ಫೈಬರ್ ಎಳೆದರೆ ಬೆಳಕು 175 ಮೈಕ್ರೋಸೆಕೆಂಡಿನಲ್ಲಿ ಅಲ್ಲಿರುತ್ತದೆ. ಬೆಂಗಳೂರಿಗೆ 600 ಕಿ.ಮೀ. ಹಿಡಿದರೂ 3 ಮಿಲಿಸೆಕೆಂಡ್ ಸಾಕು. ಪ್ಯಾಕೆಟ್ಟಿನ ಬಿಟ್‌ಗಳನ್ನು ಒಂದೊಂದಾಗಿ ತಂತಿಗೆ ಇಳಿಸುವ ಸಮಯ ಬೇರೆ. 1500 ಬೈಟ್‌ಗಳಿಗೆ 100 ಮೆಗಾಬಿಟ್ ಲಿಂಕಿನಲ್ಲಿ 120 ಮೈಕ್ರೋಸೆಕೆಂಡ್, ಗಿಗಾಬಿಟ್ ಲಿಂಕಿನಲ್ಲಿ 12. ನಡುವೆ ಸ್ವಿಚ್ ಇದ್ದರೆ ಸಾಮಾನ್ಯವಾಗಿ ಅದು ಪ್ಯಾಕೆಟ್ಟನ್ನು ಪೂರ್ತಿ ಪಡೆದು ಮತ್ತೆ ಕಳಿಸುವುದರಿಂದ ಈ ಸಮಯ ಇನ್ನೊಮ್ಮೆ ಸೇರುತ್ತದೆ. ಇವೆರಡನ್ನೂ ಲೆಕ್ಕ ಹಾಕಿ ಹೇಳಬಹುದು. ಹೇಳಲಾಗದ್ದು ಉಳಿದ ಭಾಗ: ಸ್ವಿಚ್ಚಿನಲ್ಲಿ ಪ್ಯಾಕೆಟ್ ಸರತಿ ಕಾಯುವ ಹೊತ್ತು, ನೆಟ್‌ವರ್ಕ್ ಕಾರ್ಡ್ ಪ್ರೊಸೆಸರನ್ನು ಕರೆಯುವ ಮುನ್ನ ತಡೆದು ನಿಲ್ಲುವ ಹೊತ್ತು, ಆಪರೇಟಿಂಗ್ ಸಿಸ್ಟಮ್ ಬೇರೆ ಕೆಲಸದಲ್ಲಿ ತೊಡಗಿರುವ ಹೊತ್ತು. ಲ್ಯಾಬಿನೊಳಗಿನ ಎರಡು ಯಂತ್ರಗಳ ನಡುವೆ ಕೇಬಲ್ಲಿನ ಪಾಲು ಲೆಕ್ಕಕ್ಕೇ ಬಾರದಷ್ಟು. ಪ್ಯಾಕೆಟ್ ಚಿಕ್ಕದಾಗಿದ್ದರೆ ವಿಳಂಬದ ಬಹುಪಾಲು ಈ ಮೂರರಲ್ಲೇ ಇರುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ಸ್ಥಾಪನೆ 1998) ನೆಟ್‌ವರ್ಕ್ ಲ್ಯಾಬಿನ ಪಠ್ಯಕ್ರಮವನ್ನು ಓದಿದವರಿಗೆಲ್ಲ ಮೂರು ನೋಡ್‌ಗಳ ಜಾಲ ಕಟ್ಟಿ, ಕ್ಯೂ ಅಳತೆ ನಿಗದಿ ಮಾಡಿ, ಬಿದ್ದುಹೋದ ಪ್ಯಾಕೆಟ್ ಎಣಿಸುವ ಪ್ರಯೋಗ ಗೊತ್ತು. ಅದು ಎನ್‌ಎಸ್-2ರಂಥ ಸಿಮ್ಯುಲೇಟರಿನಲ್ಲಿ ನಡೆಯುತ್ತದೆ. ಸರತಿಯ ವರ್ತನೆ ಕಲಿಯಲು ಅದು ಒಳ್ಳೆಯ ಸಾಧನ, ವಿಳಂಬ ಅಳೆಯಲು ಅಲ್ಲ. ಲಿಂಕಿಗೆ ಇಷ್ಟು ಮಿಲಿಸೆಕೆಂಡ್ ಎಂದು ವಿದ್ಯಾರ್ಥಿಯೇ ಸ್ಕ್ರಿಪ್ಟಿನಲ್ಲಿ ಬರೆದಿರುತ್ತಾನೆ. ಬರೆದದ್ದೇ ತಿರುಗಿ ಬರುತ್ತದೆ. ನಿಜವಾದ ಯಂತ್ರಗಳ ಮೇಲೆ ಒಂದಾದರೂ ಪ್ರಯೋಗ ಮಾಡಿಸದೆ ಈ ವಿಷಯ ಕಲಿಸಿದಂತಾಗುವುದಿಲ್ಲ.

ತೀರ ಸರಳ ವಿಧಾನ ಪಿಂಗ್ ಎಂಬ ಪ್ರೋಗ್ರಾಂ. ಅಮೆರಿಕದ ಮೈಕ್ ಮೂಸ್ ಅದನ್ನು 1983ರ ಡಿಸೆಂಬರಿನಲ್ಲಿ ಬರೆದರು. ಕಳಿಸಿದ ಯಂತ್ರವೇ ಉತ್ತರ ಮರಳಿ ಬಂದ ಹೊತ್ತನ್ನೂ ನೋಡುವುದರಿಂದ ಒಂದೇ ಗಡಿಯಾರ ಸಾಕು. ಆದರೆ ಸಿಗುವುದು ಹೋಗಿಬರುವ ಸಮಯ ಮಾತ್ರ. ಹೋಗುವ ಸಮಯವೊಂದೇ ಬೇಕೆಂದರೆ ಎರಡು ಗಡಿಯಾರ ಬೇಕು, ಅವೆರಡೂ ಒಂದಕ್ಕೊಂದು ಹೊಂದಿರಬೇಕು. ಕಂಪ್ಯೂಟರಿನ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಚೀಚೆಯಾಗುತ್ತದೆ.

ಗಡಿಯಾರಗಳನ್ನು ನೆಟ್‌ವರ್ಕ್ ಮೂಲಕ ಹೊಂದಿಸಲು ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ಎನ್‌ಟಿಪಿ ಇದಕ್ಕೆ ನಾಲ್ಕು ಸಮಯ ಗುರುತುಗಳನ್ನು ಬಳಸುತ್ತದೆ. 'ಅ' ಯಂತ್ರ ತನ್ನ ಗಡಿಯಾರದಲ್ಲಿ 100 ಆದಾಗ ಕಳಿಸಿತು; 'ಬ' ತನ್ನ ಗಡಿಯಾರದ 160ಕ್ಕೆ ಪಡೆದು 170ಕ್ಕೆ ಮರಳಿಸಿತು; 'ಅ'ಗೆ 130ಕ್ಕೆ ಬಂತು ಎನ್ನೋಣ. ಒಟ್ಟು 30ರಲ್ಲಿ 'ಬ' ಇಟ್ಟುಕೊಂಡ 10 ಕಳೆದರೆ ದಾರಿಯ ಸಮಯ 20. ಅರ್ಧ ಮಾಡಿದರೆ ಒಂದು ಕಡೆಗೆ 10. ಹಾಗಾದರೆ 'ಬ' ಗಡಿಯಾರ 50 ಮುಂದಿದೆ. ಈಗ ಹೋಗಲು 15, ಬರಲು 5 ಹಿಡಿದಿದ್ದರೆ? ನಾಲ್ಕು ಅಂಕಿಗಳಲ್ಲಿ ಒಂದೂ ಬದಲಾಗುವುದಿಲ್ಲ, ಆದರೆ 'ಬ' ಮುಂದಿರುವುದು 45 ಮಾತ್ರ. ಹೋಗುವ, ಬರುವ ವಿಳಂಬಗಳ ವ್ಯತ್ಯಾಸದ ಅರ್ಧದಷ್ಟು ತಪ್ಪು ಸದ್ದಿಲ್ಲದೆ ಒಳಸೇರುತ್ತದೆ. ಎಷ್ಟು ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಇದು ಹೋಗುವುದಿಲ್ಲ.

ಈ ತಪ್ಪನ್ನು ಬಯಲಿಗೆಳೆಯಲು ಲ್ಯಾಬಿನಲ್ಲಿ ಉಳಿಯುವ ನೇರ ದಾರಿ ಆಸಿಲೋಸ್ಕೋಪ್. ಕಳಿಸುವ ಗಳಿಗೆಯಲ್ಲಿ ಒಂದು ಯಂತ್ರ, ಪಡೆದ ಗಳಿಗೆಯಲ್ಲಿ ಇನ್ನೊಂದು ತಮ್ಮ ಸೀರಿಯಲ್ ಪೋರ್ಟಿನ ಅಥವಾ ರಾಸ್ಪ್‌ಬೆರಿ ಪೈ ಬೋರ್ಡಿನ ಪಿನ್ನನ್ನು ಮೇಲೇರಿಸುತ್ತವೆ. ಎರಡೂ ಪಿನ್ನುಗಳಿಗೆ ಎರಡು ಚಾನೆಲ್ಲಿನ ಪ್ರೋಬ್ ಸಿಕ್ಕಿಸಿ, ಅಲೆಗಳು ಅರ್ಧ ಎತ್ತರ ಮುಟ್ಟಿದ ಬಿಂದುಗಳ ಅಂತರ ಓದಬೇಕು. ಇಲ್ಲಿ ಗಡಿಯಾರ ಆಸಿಲೋಸ್ಕೋಪಿನದು ಒಂದೇ, ಆದ್ದರಿಂದ ಹೊಂದಿಸುವ ಗೋಜಿಲ್ಲ. ಪ್ರೋಬ್ ಕೇಬಲ್‌ಗಳು ಸಮ ಉದ್ದವಿರಲಿ; ಒಂದು ಮೀಟರ್ ಹೆಚ್ಚಾದರೆ 5 ನ್ಯಾನೋಸೆಕೆಂಡ್ ತಪ್ಪು. ಪಿನ್ ಏರಿಸುವ ಆದೇಶಕ್ಕೂ ಸಮಯ ಹಿಡಿಯುವುದರಿಂದ ಮೊದಲು ಒಂದೇ ಯಂತ್ರದ ಮೇಲೆ ಅದನ್ನು ಅಳೆದುಕೊಳ್ಳಬೇಕು.

ಯಂತ್ರಗಳು ದೂರವಿದ್ದರೆ ಐಇಇಇ 1588 ಮಾನದಂಡದ (2002) ಪಿಟಿಪಿ ಎಂಬ ಗಡಿಯಾರ ಹೊಂದಿಸುವ ಕ್ರಮ ಬೇಕಾಗುತ್ತದೆ. ಅದರಲ್ಲಿ ಸಮಯದ ಗುರುತನ್ನು ನೆಟ್‌ವರ್ಕ್ ಕಾರ್ಡೇ ಹಾಕಬಲ್ಲದು; ಆಪರೇಟಿಂಗ್ ಸಿಸ್ಟಮಿನ ಏರಿಳಿತ ಹೊರಗುಳಿಯುತ್ತದೆ. ಕಾರ್ಡಿಗೆ ಆ ಶಕ್ತಿ ಇದೆಯೇ ಎಂಬುದನ್ನು ಲಿನಕ್ಸಿನ ಎಥ್‌ಟೂಲ್ ಎಂಬ ಆದೇಶ ತಿಳಿಸುತ್ತದೆ.

ದೂರ ಬೆಳೆದಂತೆ ದಾರಿಯ ಪಾಲೇ ದೊಡ್ಡದಾಗುತ್ತದೆ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೊಂಡಿ ಹಾಕಿತು. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಒಮ್ಮೆ ಏರಿಳಿಯಲು ಸುಮಾರು ಕಾಲು ಸೆಕೆಂಡ್, ಉತ್ತರಕ್ಕೆ ಇನ್ನೊಂದು ಕಾಲು. ಯಾವ ಯಂತ್ರ ಬದಲಿಸಿದರೂ ಇದು ಇಳಿಯದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ ಇಂಥ ವಿಳಂಬವೇ ದೂರದ ಅಳತೆಗೋಲು. ಭಾರತದ ಉಪಗ್ರಹ ಪಥದರ್ಶಕ ವ್ಯವಸ್ಥೆ ನಾವಿಕ್‌ಗೆ ಸಮಯ ಕೊಡುವ ಪರಮಾಣು ಗಡಿಯಾರಗಳು ಅಲ್ಲಿವೆ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ತಪ್ಪುವುದರಿಂದ ಇಂಥ ಕೇಂದ್ರಗಳಲ್ಲಿ ಉಪಕರಣದೊಳಗಿನ ಕೇಬಲ್ ವಿಳಂಬವನ್ನೂ ಅಳೆದು ಕಳೆಯುತ್ತಾರೆ.

ಲ್ಯಾಬ್ ರೆಕಾರ್ಡಿನಲ್ಲಿ ಸರಾಸರಿಯೊಂದನ್ನೇ ಬರೆದರೆ ಸಾಲದು. ಕನಿಷ್ಠ ಬೆಲೆ ಸರತಿಯಿಲ್ಲದ ದಾರಿಯನ್ನೂ, ಗರಿಷ್ಠ ಬೆಲೆ ತುಂಬಿದ ಸರತಿಯನ್ನೋ ಬಿಡುವಿಲ್ಲದ ಪ್ರೊಸೆಸರನ್ನೋ ತೋರಿಸುತ್ತದೆ. ಜೊತೆಗೆ ಪ್ಯಾಕೆಟ್ಟಿನ ಗಾತ್ರ, ಲಿಂಕಿನ ವೇಗ, ಕೇಬಲ್ಲಿನ ಉದ್ದ, ಪ್ರೊಸೆಸರಿನ ವಿದ್ಯುತ್ ಉಳಿತಾಯ ಆನ್ ಇತ್ತೇ ಎಂಬುದು ನಮೂದಾಗಿರಬೇಕು.