ಮನೆಯ ಗಣಕದೊಳಗಿನ ಕನ್ನಡ ಕಡತಗಳು: ಒಂದು ಚಿಕ್ಕ ಚರಿತ್ರೆ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹೊರಟರೆ ಗೂಳೂರಿನ ಬಳಿ ಕೈದಾಳ ಸಿಗುತ್ತದೆ. ಅಲ್ಲಿನ ಹನ್ನೆರಡನೆಯ ಶತಮಾನದ ಹೊಯ್ಸಳರ ಕಾಲದ ಶಾಸನದ ಮುಂದೆ ನಾನು ಅನೇಕ ಬಾರಿ ಹತ್ತನೆಯ ತರಗತಿಯ ಮಕ್ಕಳನ್ನು ನಿಲ್ಲಿಸಿದ್ದೇನೆ. ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಆದರೆ ಅಲ್ಲಿ ಅಕ್ಷರಗಳಿವೆ ಎಂಬುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಾಕುತ್ತದೆ. ಬಿ.ಎಲ್. ರೈಸ್ ಅವರು 1904 ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸುವುದು ಸಾಧ್ಯವಾದದ್ದು ಕಲ್ಲಿನ ಈ ಗುಣದಿಂದ. ಹಳೆಯ ಲಿಪಿಯನ್ನು ಬಲ್ಲವನೊಬ್ಬನಿದ್ದರೆ ಸಾಕು, ಕಲ್ಲು ಬಾಯಿ ಬಿಡುತ್ತದೆ.

ನಮ್ಮ ಮನೆಯ ಗಣಕಯಂತ್ರದ ಕಡತಗಳಿಗೆ ಈ ಭಾಗ್ಯವಿಲ್ಲ. ಅವನ್ನು ಓದಲು ಮೊದಲು ಪಾತ್ರೆ ಬೇಕು, ಪಾತ್ರೆಯನ್ನು ತೆರೆಯುವ ಯಂತ್ರ ಬೇಕು, ಬಳಿಕ ಲಿಪಿಯ ಬೀಗದ ಕೈ ಬೇಕು. ಇಂಗ್ಲಿಷಿನಲ್ಲಿ ಬರೆದವರಿಗೆ ಮೊದಲೆರಡು ಸಾಕಾಗಿದ್ದವು. ಕನ್ನಡದಲ್ಲಿ ಬರೆದವರಿಗೆ ಮೂರನೆಯದೂ ಬೇಕಾಯಿತು. ನಮ್ಮಂಥವರ ಮನೆಗಳಲ್ಲಿ ಕಳೆದುಹೋದ ಬರಹದ ಎಷ್ಟೋ ಪಾಲು ಈ ಮೂರನೆಯ ಬಾಗಿಲಿನಲ್ಲೇ ನಿಂತುಬಿಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಪಾತ್ರೆಯ ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1956 ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ತಲಾ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಬೀರುವಿನಷ್ಟು ದೊಡ್ಡದಾದ ಆ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಅದೇ ಕಂಪನಿ 1971 ರಲ್ಲಿ ಎಂಟು ಅಂಗುಲದ ಮೆತ್ತನೆಯ ತಟ್ಟೆಯನ್ನು ತಂದಿತು. 1976 ರಲ್ಲಿ ಅದು ಐದೂಕಾಲು ಅಂಗುಲಕ್ಕೆ ಇಳಿಯಿತು. 1981 ರಲ್ಲಿ ಸೋನಿ ಕಂಪನಿ ಮೂರೂವರೆ ಅಂಗುಲದ, ಗಟ್ಟಿ ಕವಚದ ಫ್ಲಾಪಿಯನ್ನು ರೂಪಿಸಿತು. ನಮ್ಮ ಶರ್ಟಿನ ಜೇಬಿಗೆ ಬಂದದ್ದು ಇದೇ.

ಈ ಫ್ಲಾಪಿಯ ಮೇಲೆ '1.44 ಎಂಬಿ' ಎಂದು ಬರೆದಿರುತ್ತಿತ್ತು. ನಾನು ಗಣಿತದ ಮೇಷ್ಟ್ರಲ್ಲದಿದ್ದರೂ ಈ ಲೆಕ್ಕ ನನಗೆ ಪ್ರಿಯವಾದದ್ದು. ಫ್ಲಾಪಿಯ ಎರಡು ಮುಖಗಳಲ್ಲಿ ತಲಾ 80 ವರ್ತುಲಗಳು, ಪ್ರತಿ ವರ್ತುಲಕ್ಕೆ 18 ಕೋಣೆಗಳು, ಕೋಣೆಯೊಂದಕ್ಕೆ 512 ಬೈಟುಗಳು. ಗುಣಿಸಿದರೆ 14,74,560. ಸಾವಿರದ ಲೆಕ್ಕದಲ್ಲಿ ಇದು 1.47, ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ 1.41. ಎರಡೂ ಅಲ್ಲದ 1.44 ಬಂದದ್ದು ಒಮ್ಮೆ ಸಾವಿರದಿಂದಲೂ ಒಮ್ಮೆ ಸಾವಿರದ ಇಪ್ಪತ್ನಾಲ್ಕರಿಂದಲೂ ಭಾಗಿಸಿದ್ದರಿಂದ! ಪರೀಕ್ಷೆಯಲ್ಲಿ ಹುಡುಗನೊಬ್ಬ ಹೀಗೆ ಮಾಡಿದ್ದರೆ ಅಂಕ ಕಳೆಯುತ್ತಿದ್ದೆವು. ಜಗತ್ತಿನ ಕಂಪನಿಗಳೆಲ್ಲ ಸೇರಿ ಮಾಡಿದ್ದರಿಂದ ಅದೇ ರೂಢಿಯಾಯಿತು.

2000 ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಬಟವಾಡಿಯ ಕಡೆಯ ಮನೆಗಳಿಗೂ, ಮುಖ್ಯವಾಗಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದ ಮನೆಗಳಿಗೆ, ಆ ಕಾಲದಲ್ಲೇ ಅವು ಬರತೊಡಗಿದವು. ಅಂತರಜಾಲವೆಂಬುದು ಟೆಲಿಫೋನ್ ತಂತಿಯಲ್ಲಿ ಕಿರುಗುಟ್ಟಿಕೊಂಡು ಬರುತ್ತಿದ್ದ ದಿನಗಳವು. ಸೆಕೆಂಡಿಗೆ 56 ಕಿಲೋಬಿಟ್ ಎಂಬ ಪೂರ್ಣ ವೇಗವೇ ಸಿಕ್ಕಿತೆಂದು ಭಾವಿಸಿದರೂ, 700 ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿರುವುದನ್ನು ಕಳುಹಿಸಲು 29 ಗಂಟೆ ಹಿಡಿಯುತ್ತಿತ್ತು. ಅದೇ ಸಿ.ಡಿ.ಯನ್ನು ಚೀಲದಲ್ಲಿಟ್ಟುಕೊಂಡು ಬಿ.ಎಚ್. ರಸ್ತೆಯಲ್ಲಿ ಕೆಂಪು ಬಸ್ಸು ಹತ್ತಿದರೆ ಎರಡು ಗಂಟೆಯಲ್ಲಿ ಬೆಂಗಳೂರು! ಹೀಗಾಗಿ ನಮ್ಮ ಕಡತಗಳೆಲ್ಲ ಸಾಗಿದ್ದು ಕೈಯಿಂದ ಕೈಗೆ. ಬಟವಾಡಿಗೂ ಬಟವಾಡೆಗೂ ನಂಟು ಕಟ್ಟಿ ಗೆಳೆಯರು ತಮಾಷೆ ಮಾಡುವುದುಂಟು. ಆ ಕಾಲದಲ್ಲಿ ಅದು ಬರೀ ತಮಾಷೆಯಾಗಿರಲಿಲ್ಲ. ಮನೆಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯನ್ನು ಫ್ಲಾಪಿಗೆ ಇಳಿಸಿ, ಡಿ.ಟಿ.ಪಿ. ಅಂಗಡಿಗೆ ಒಯ್ದು ಮುದ್ರಿಸಿಕೊಂಡು ಬರುವುದು ನನ್ನಂಥ ಹಲವರ ದಿನಚರಿಯೇ ಆಗಿತ್ತು.

ಅಂಗಡಿಯಲ್ಲಿ ಫ್ಲಾಪಿ ತೆರೆದುಕೊಳ್ಳುತ್ತಿತ್ತು. ಕಡತವೂ ತೆರೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಮಾತ್ರ ಕನ್ನಡವಿರುತ್ತಿರಲಿಲ್ಲ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಒಂದು ಬೈಟಿನಲ್ಲಿ 256 ಸಂಖ್ಯೆಗಳಿಗೆ ಸ್ಥಳವಿದೆ. ಅದರ ಮೊದಲರ್ಧವನ್ನು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ, ಉಳಿದುದನ್ನು ಐರೋಪ್ಯ ಭಾಷೆಗಳ ಅಕ್ಷರಗಳೂ ಆಗಲೇ ಆಕ್ರಮಿಸಿಕೊಂಡಿದ್ದವು. ಕನ್ನಡದ ತಂತ್ರಾಂಶ ರಚಿಸಿದವರು ಆ ಸ್ಥಾನಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. 'ನುಡಿ' ತಂತ್ರಾಂಶದಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ದಾಖಲಾಗುವುದು ಇಂಗ್ಲಿಷಿನ ದೊಡ್ಡ 'ಪಿ', ನೆತ್ತಿಯ ಮೇಲೆ ಗೀಟಿರುವ 'ಎ', ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ನರ ಒಂದು ಅಕ್ಷರ, ಚಿಕ್ಕ 'ಕ್ಯೂ', ಕೊನೆಗೆ ಇನ್ನೊಮ್ಮೆ ಆ 'ಎ', ಹೀಗೆ ಏಳು ತುಂಡುಗಳು. ಆ ಗೀಟಿನ 'ಎ'ಯೇ ನಮ್ಮ ತಲೆಕಟ್ಟು! ನುಡಿಯ ಅಕ್ಷರವಿನ್ಯಾಸ, ಅಂದರೆ ಫಾಂಟು, ಗಣಕದಲ್ಲಿದ್ದರೆ ಇವು ಕನ್ನಡವಾಗಿ ಕಾಣುತ್ತಿದ್ದವು. ಇಲ್ಲದಿದ್ದರೆ ಲ್ಯಾಟಿನ್ನಿನ ಕಸ ಕಾಣುತ್ತಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ ಮೊದಲಾದವು ತಂತಮ್ಮ ಸಂಕೇತಗಳನ್ನು ಇಟ್ಟುಕೊಂಡಿದ್ದವು. ಒಂದರ ಬೀಗದ ಕೈ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಬುದ್ಧಿವಂತರು ಕಡತದ ಜೊತೆಗೆ ಫಾಂಟನ್ನೂ ಫ್ಲಾಪಿಯಲ್ಲಿ ಕಟ್ಟಿ ಕಳುಹಿಸುತ್ತಿದ್ದರು, ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಬುತ್ತಿ ಕಟ್ಟುವಂತೆ.

ಆ ತಂತ್ರಾಂಶಗಳನ್ನು ಹೀಗೆ ಹೇಳಿ ಹಗುರಾಗಿಸುವುದು ನನ್ನ ಉದ್ದೇಶವಲ್ಲ. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ವಿನ್ಯಾಸ ಮಾಡಿ 'ಸೇಡಿಯಾಪು' ತಂತ್ರಾಂಶ ರಚಿಸಿರದಿದ್ದರೆ, ಶೇಷಾದ್ರಿವಾಸು ಅವರು 1998 ರಲ್ಲಿ 'ಬರಹ'ವನ್ನು ಹೊರತಂದು ಬಹುಕಾಲ ಉಚಿತವಾಗಿ ಕೊಡದಿದ್ದರೆ, ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಉಚಿತವಾಗಿ ಸಿಗದಿದ್ದರೆ, ಮನೆಯಲ್ಲಿ ಕುಳಿತು ಕನ್ನಡದಲ್ಲಿ ಬರೆಯುವ ಮಾತೇ ಇರುತ್ತಿರಲಿಲ್ಲ. ಕಳೆದುಕೊಳ್ಳಲು ಒಂದು ಕಡತವಾದರೂ ನಮ್ಮಲ್ಲಿದ್ದುದು ಇವರಿಂದಾಗಿ. ಅತ್ತ 1991 ರಲ್ಲೇ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆತಿತ್ತು. ಆದರೆ ಅದು ಸಾಮಾನ್ಯರ ಪರದೆಗೆ ಬಂದದ್ದು 2001 ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ. ಆ ನಡುವಿನ ವರ್ಷಗಳಲ್ಲಿಯೂ ಅನಂತರದ ಹಲವು ವರ್ಷಗಳಲ್ಲಿಯೂ ನಾವು ಬರೆದದ್ದೆಲ್ಲ ಹಳೆಯ ಸಂಕೇತಗಳಲ್ಲೇ ಉಳಿಯಿತು.

ಫ್ಲಾಪಿಯ ಬಳಿಕ ಬಂದ ಪೆನ್ ಡ್ರೈವ್ 2000 ದಲ್ಲಿ ಮಾರುಕಟ್ಟೆ ಕಂಡಾಗ ಹಿಡಿಯುತ್ತಿದ್ದುದು ಎಂಟು ಮೆಗಾಬೈಟ್, ಅಂದರೆ ಐದಾರು ಫ್ಲಾಪಿಗಳಷ್ಟು. ವಿಂಡೋಸ್ 98 ಇದ್ದ ಮನೆಗಳಲ್ಲಿ ಅದನ್ನು ಗಣಕಕ್ಕೆ ಪರಿಚಯಿಸಲು ಬೇರೊಂದು ತಂತ್ರಾಂಶವನ್ನು ಹಾಕಬೇಕಾಗಿತ್ತು, ಅದು ಬರುತ್ತಿದ್ದುದು ಸಿ.ಡಿ.ಯಲ್ಲಿ! ಆಮೇಲೆ ವೈರಸ್ಸುಗಳ ಕಾಟ. ಚುಚ್ಚಿದೊಡನೆ ತಾನಾಗಿ ಚಾಲನೆಗೊಳ್ಳುವ ಸೌಲಭ್ಯವನ್ನು ಬಳಸಿಕೊಂಡು ಅವು ಅಂಗಡಿಯಿಂದ ಮನೆಗೆ, ಮನೆಯಿಂದ ಶಾಲೆಗೆ ಹರಡುತ್ತಿದ್ದವು. 2011 ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲಿಯೂ ಆ ಬಾಗಿಲನ್ನು ಮುಚ್ಚಿತು. ಇತ್ತ 2004 ರಲ್ಲಿ ಜಿಮೇಲ್ ಒಂದು ಗಿಗಾಬೈಟ್ ಸ್ಥಳ ಕೊಟ್ಟಾಗ, ತಮಗೆ ತಾವೇ ಮಿಂಚಂಚೆ ಕಳುಹಿಸಿಕೊಂಡು ಕಡತಗಳನ್ನು ಕಾಪಿಡುವ ಉಪಾಯವನ್ನು ಅನೇಕರು ಕಂಡುಕೊಂಡರು. 2011 ರಲ್ಲಿ ಸೋನಿ ಕಂಪನಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಅಷ್ಟರಲ್ಲಿ ಹೊಸ ಗಣಕಗಳಲ್ಲಿ ಫ್ಲಾಪಿಯ ಸೀಳು ಕಾಣೆಯಾಗಿ ವರ್ಷಗಳೇ ಕಳೆದಿದ್ದವು.

ಈ ಚರಿತ್ರೆಯನ್ನು ನಾನು ಮನಸ್ಸಿಟ್ಟು ಕಲಿಯಲು ಒಂಬತ್ತು ಫ್ಲಾಪಿಗಳು ಕಾರಣ. ನನ್ನೊಡನೆ ಕೆಲಸ ಮಾಡಿದ ಕನ್ನಡ ಪಂಡಿತರೊಬ್ಬರು ಕುಣಿಗಲ್ ಸೀಮೆಯ ತಮ್ಮ ತಾಯಿಯವರು ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ 2002 ರಿಂದ ನಾಲ್ಕು ವರ್ಷ ಕುಳಿತು ನುಡಿಯಲ್ಲಿ ಬೆರಳಚ್ಚು ಮಾಡಿದ್ದರು. ತಾಯಿ ತೀರಿಕೊಂಡರು, ಕೆಲವು ವರ್ಷಗಳ ಹಿಂದೆ ಪಂಡಿತರೂ ತೀರಿಕೊಂಡರು. ಗಣಕ ಎಂದೋ ಗುಜರಿಗೆ ಹೋಗಿತ್ತು. ಅವರ ಮಗಳು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟು, "ಮೇಷ್ಟ್ರೇ, ಅಜ್ಜಿಯ ಪದಗಳು ಇದರಲ್ಲಿವೆಯಂತೆ. ಬೇರೆಲ್ಲೂ ಇಲ್ಲ" ಎಂದರು. ಪಂಡಿತರು ಒಂದೊಂದಕ್ಕೂ ಚೀಟಿ ಅಂಟಿಸಿ ಮುದ್ದಾದ ಅಕ್ಷರದಲ್ಲಿ ಹೆಸರು ಬರೆದಿದ್ದರು. ಅಳಿಸದಂತೆ ಕಾಯುವ ಕಿಂಡಿಯನ್ನು ಒಂಬತ್ತರಲ್ಲಿಯೂ ತೆರೆದಿಟ್ಟಿದ್ದರು. ಅಷ್ಟು ಜಾಗರೂಕರು ಅವರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಎಂಜಿನಿಯರು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವೊಂದನ್ನು ಹುಡುಕಿ ತಂದ. ನಾನು ಮೊದಲ ಫ್ಲಾಪಿಯನ್ನು ತಳ್ಳಲು ಹೋದಾಗ, "ಸಾರ್, ತಡೀರಿ, ಮೊದಲು ಬೂಷ್ಟು ಹಿಡಿದಿದೆಯಾ ನೋಡೋಣ" ಎಂದು ಕೈ ಹಿಡಿದ. ಫ್ಲಾಪಿಯಲ್ಲಿ ಓದುವ ತಲೆ ತಟ್ಟೆಗೆ ತಾಕಿಕೊಂಡೇ ಚಲಿಸುತ್ತದೆ. ತಟ್ಟೆ ನಿಮಿಷಕ್ಕೆ 300 ಸುತ್ತು ಸುತ್ತುತ್ತದೆ. ಬೂಷ್ಟು ಕಟ್ಟಿದ್ದರೆ ಓದುವ ಪ್ರಯತ್ನವೇ ಲೇಪವನ್ನು ಕೆರೆದು ತೆಗೆಯುತ್ತದೆ. ಅವನು ಲೋಹದ ಬಾಗಿಲನ್ನು ಸರಿಸಿ, ಟಾರ್ಚು ಹಿಡಿದು ಒಂದೊಂದನ್ನೂ ಪರೀಕ್ಷಿಸಿ, ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಕೋಣೆ ಕೋಣೆಯಾಗಿ ನಕಲು ತೆಗೆದ. ಆರು ಫ್ಲಾಪಿಗಳು ಪೂರ್ಣವಾಗಿ ಬಂದವು. ಎರಡರಲ್ಲಿ ಅಲ್ಲಲ್ಲಿ ಕೋಣೆಗಳು ಕುರುಡಾಗಿದ್ದವು. 'ಸೋಬಾನೆ - 3' ಎಂದು ಬರೆದಿದ್ದ ಒಂಬತ್ತನೆಯದು ಏನನ್ನೂ ಕೊಡಲಿಲ್ಲ.

ಬಂದ ಕಡತಗಳಲ್ಲಿ ಕಂಡದ್ದು ಅದೇ ಪೌಂಡ್ ಚಿಹ್ನೆಗಳ ಸಂತೆ. ಮಗಳ ಮುಖ ಸಣ್ಣದಾಯಿತು. ನನಗೆ ಮಾತ್ರ ಆ ಗೀಟಿನ 'ಎ'ಗಳನ್ನು ಕಂಡು ಎಲ್ಲಿಲ್ಲದ ಸಂತೋಷ! ತಲೆಕಟ್ಟುಗಳು ಅಷ್ಟೊಂದಿದ್ದ ಮೇಲೆ ಅದು ಕನ್ನಡವೇ.

ಹಳೆಯ ಸಂಕೇತವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ. ಯೂನಿಕೋಡಿನಲ್ಲಿ 'ಕನ್ನಡ' ಎಂಬುದಕ್ಕೆ ಐದು ಸಂಕೇತಗಳು. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟುಗಳು. ಏಳು ಹದಿನೈದಾದರೂ ಕೇಳುವವರಿಲ್ಲ, ಸ್ಥಳ ಅಷ್ಟು ಅಗ್ಗವಾಗಿದೆ. ಪಂಡಿತರ ನಾಲ್ಕು ವರ್ಷದ ದುಡಿಮೆಯೆಲ್ಲ ಸೇರಿ ಮೊಬೈಲಿನ ಒಂದು ಫೋಟೋದಷ್ಟೂ ಇಲ್ಲ. ಆದರೆ ಪರಿವರ್ತನೆ ಎಂಬುದು ಓಲೆಗರಿಯ ಕಾಲದ ನಕಲುಗಾರಿಕೆಯ ಹಾಗೆಯೇ ಹೊಸ ತಪ್ಪುಗಳನ್ನು ಹುಟ್ಟಿಸುತ್ತದೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮುಂದೆ ಬರಬೇಕು. ಕೆಲಸ ತಿಳಿಯದ ಪರಿವರ್ತಕದಲ್ಲಿ 'ಸೂರ್ಯ' ಹೋಗಿ 'ಸೂಯ್ರ' ಆಗುತ್ತಾನೆ. ಅದನ್ನು ತಿದ್ದಬಹುದು. ಕಷ್ಟವಿದ್ದದ್ದು ಬೇರೆಡೆ. ಆ ತಾಯಿ ನಮ್ಮ ಕಡೆಯ ಹಳ್ಳಿಗಳ ರೂಢಿಯಂತೆ ಹಕಾರವನ್ನು ನುಡಿಯುತ್ತಿರಲಿಲ್ಲ. ಹಾಲು ಅವರ ಬಾಯಲ್ಲಿ 'ಆಲು', ಹೂವು 'ಊವು'. ಪಂಡಿತರು ಒಂದಕ್ಷರವನ್ನೂ ತಿದ್ದದೆ ಹಾಗೆಯೇ ಬರೆದಿದ್ದರು. ಶುದ್ಧ ಕನ್ನಡದ ಮೇಷ್ಟ್ರಿಗೆ ಅದೆಂಥ ಸಂಯಮ! ಈಗ ಪರದೆಯ ಮೇಲೆ ವಿಚಿತ್ರವಾಗಿ ಕಂಡ ಪ್ರತಿಯೊಂದು ಪದವೂ ತಾಯಿಯ ನಾಲಗೆಯದೋ ಯಂತ್ರದ್ದೋ ಎಂಬುದನ್ನು ನಾವು ತೀರ್ಮಾನಿಸಬೇಕಾಯಿತು. ಮೊಬೈಲಿಗೆ ಹಾಕಿಕೊಂಡು ಓದಿದ ಬಂಧುವೊಬ್ಬರು ಪ್ರೀತಿಯಿಂದಲೇ 'ಆಲು'ಗಳನ್ನೆಲ್ಲ 'ಹಾಲು' ಮಾಡಿ ಕಳುಹಿಸಿದರು. ಮೂಲದ ಪ್ರತಿ ಬೇರೆ ಇದ್ದುದರಿಂದ ಅಜ್ಜಿ ಉಳಿದರು.

ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡದೊಂದು ಪ್ರಸಂಗ ನಡೆದಿದೆ. 1086 ರ ಡೂಮ್ಸ್‌ಡೇ ಎಂಬ ಭೂದಾಖಲೆಯ ಒಂಬೈನೂರನೆಯ ವರ್ಷದ ನೆನಪಿಗೆ 1986 ರಲ್ಲಿ ಬಿಬಿಸಿ ಸಂಸ್ಥೆ, ಶಾಲಾಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಂದ ಊರೂರಿನ ವಿವರ ಸಂಗ್ರಹಿಸಿ ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಅದನ್ನು ಓದುವ ಯಂತ್ರಗಳೇ ವಿರಳವಾದವು. 2002 ರ ಹೊತ್ತಿಗೆ ಸಂಶೋಧಕರು ಬಹಳ ಶ್ರಮಪಟ್ಟು ಅದನ್ನು ಬಿಡಿಸಿ ತೆಗೆದರು. ಚರ್ಮದ ಹಾಳೆಯ ಮೇಲಿನ 1086 ರ ಮೂಲ ಪುಸ್ತಕವನ್ನು ಇಂದಿಗೂ ಪುಟ ತಿರುವಿ ಓದಬಹುದು.

ಪಂಡಿತರ ಎಂಟು ಫ್ಲಾಪಿಗಳ ಪದಗಳು ಈಗ ಮಗಳ ಲ್ಯಾಪ್‌ಟಾಪಿನಲ್ಲಿ, ನನ್ನ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಅಂತರಜಾಲದ ಒಂದು ಖಾತೆಯಲ್ಲಿ, ಹೀಗೆ ಮೂರು ಕಡೆ ಇವೆ. ಪೆನ್ ಡ್ರೈವಿನಲ್ಲಿ ಮಾತ್ರ ಇಡಬೇಡಿರೆಂದು ನನ್ನ ವಿದ್ಯಾರ್ಥಿ ಎಚ್ಚರಿಸಿದ್ದಾನೆ. ಅದರೊಳಗಿನ ವಿದ್ಯುದಂಶ ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಸೋರಿಹೋಗುತ್ತದಂತೆ. ನಾನು ನನ್ನ ಹಳೆಯ ಅಭ್ಯಾಸದಂತೆ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ಬೈಂಡು ಹಾಕಿಸಿದ್ದೇನೆ, 184 ಪುಟ.

'ಸೋಬಾನೆ - 3'ರಲ್ಲಿ ಏನಿತ್ತೆಂಬುದಕ್ಕೆ ಈಗ ಉಳಿದಿರುವ ಆಧಾರ ಒಂದೇ. ಪಂಡಿತರ ಸೋದರತ್ತೆಯ ಮಗಳೊಬ್ಬರು, ಎಂಬತ್ತು ದಾಟಿದವರು, ಕುಣಿಗಲ್ಲಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ಭಾನುವಾರಗಳಲ್ಲಿ ಮಗಳು ಅಲ್ಲಿಗೆ ಹೋಗಿ ಮೊಬೈಲನ್ನು ಮುಂದಿಟ್ಟು ಹಾಡಿಸಿಕೊಂಡು ಬರುತ್ತಾರೆ. ಕಳೆದ ವಾರದವರೆಗೆ ಹನ್ನೊಂದು ಪದಗಳು ಸಿಕ್ಕಿವೆ. ಹನ್ನೆರಡನೆಯದರ ಮೂರನೆಯ ನುಡಿ ಆ ಅಜ್ಜಿಗೆ ನೆನಪಾಗುತ್ತಿಲ್ಲ, ಮುಂದಿನ ಭಾನುವಾರ ನೋಡೋಣ ಎಂದಿದ್ದಾರೆ.